ದೊಡ್ಡಮ್ಮನಿಗೆ ಎರಡನೇ ಸಲ ಕರೆಂಟ್: ಅಣ್ಣನಿಗೆ ಪತ್ರ

ಮ್ಯಾಂಚೆಸ್ಟರ್

ಪ್ರೀತಿಯ ಅಣ್ಣನಿಗೆ ನಮಸ್ಕಾರ.

ದೊಡ್ಡಮ್ಮನ ರಿಪೋರ್ಟ್ ನೋಡಿದೆ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಅದೇ ಜಾಗದಲ್ಲಿ ಮರುಕಳಿಸಿದೆ. ಇನ್ನೊಮ್ಮೆ ಕರೆಂಟ್, ಅಂದರೆ ರೇಡಿಯೇಷನ್ ಕೊಡಬಹುದಾ ಅಂತ ಕೇಳಿದ್ದೀಯ. ಗಡ್ಡೆ ಚಿಕ್ಕದಾಗಿದ್ದು, ಇಡೀ ಮೈಯಲ್ಲಿ ಕ್ಯಾನ್ಸರ್ ಹುಡುಕುವ ಪೆಟ್ ಸ್ಕ್ಯಾನ್‌ನಲ್ಲಿ ಬೇರೆಲ್ಲೂ ಕಾಣದಿದ್ದರೆ ಕೊಡಬಹುದು. ಆದರೆ ಆಪರೇಷನ್‌ನಲ್ಲಿ ಪೂರ್ತಿ ತೆಗೆಯಲು ಆಗುತ್ತದಾ ಅಂತ ಸ್ತ್ರೀರೋಗ ಕ್ಯಾನ್ಸರ್ ಸರ್ಜನ್ ಹತ್ತಿರ ಮೊದಲು ಕೇಳು.

ನಾಳೆಯೇ ಹಳೆಯ ಆಸ್ಪತ್ರೆಗೆ ಹೋಗು. ಡಿಸ್ಚಾರ್ಜ್ ಸಮ್ಮರಿಯಲ್ಲಿರುವ '25 ಸಿಟ್ಟಿಂಗ್, 50 ಗ್ರೇ' ಅನ್ನುವ ಒಂದು ಸಾಲು ಸಾಲದು (ಗ್ರೇ ಅಂದರೆ ಕಿರಣದ ಅಳತೆ). ಎಲ್ಲಿಗೆ ಎಷ್ಟು ಕಿರಣ ಬಿತ್ತು ಅಂತ ತೋರಿಸುವ ರೇಡಿಯೇಷನ್ ಪ್ಲಾನ್‌ನ ಕಂಪ್ಯೂಟರ್ ಫೈಲುಗಳು (ಡೈಕಾಮ್) ಸಿಡಿಯಲ್ಲಿ ಬೇಕು, ಹೊರಗಿನಿಂದ ಕೊಟ್ಟದ್ದು, ಒಳಗಿನಿಂದ ಕೊಟ್ಟದ್ದು ಎರಡೂ. ಯಾಕೆಂದರೆ ಎರಡೂ ಸೇರಿ ಮೂತ್ರಕೋಶದಲ್ಲಿ ಅತಿ ಹೆಚ್ಚು ಕಿರಣ ಬಿದ್ದ 2 ಸಿಸಿ ಭಾಗಕ್ಕೆ ಸುಮಾರು 90 ಗ್ರೇ, ಗುದನಾಳಕ್ಕೆ 75 ಗ್ರೇ ಮಿತಿ. ಮೊದಲ ಸಲವೇ ಅದರ ಹತ್ತಿರ ಹೋಗಿರುತ್ತಾರೆ. ಅದೆಲ್ಲಿ ಬಿತ್ತು ಅಂತ ಗೊತ್ತಿಲ್ಲದೆ ಮತ್ತೆ ಕೊಟ್ಟರೆ ಗೋಡೆ ತೂತಾಗಿ ಮೂತ್ರವೋ ಮಲವೋ ಯೋನಿಯಿಂದ ಸೋರಬಹುದು. ಸಿಡಿ ಇಲ್ಲದೆ ಯಾರೇ ಶುರು ಮಾಡುತ್ತೇವೆಂದರೂ ಒಪ್ಪಬೇಡ.

ಯೋನಿಯ ಮೇಲ್ತುದಿಯ ಗಡ್ಡೆಗೆ ಸೂಜಿಯ ಬ್ರೇಕಿಥೆರಪಿಯೇ, ಅಂದರೆ ಒಳಗಿನಿಂದ ಕೊಡುವ ರೇಡಿಯೇಷನ್ನೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಗಡ್ಡೆ ಸೊಂಟದ ಗೋಡೆಗೆ ಅಂಟಿದ್ದರೆ ಮಾತ್ರ ಹೊರಗಿನಿಂದ ಎಸ್‌ಬಿಆರ್‌ಟಿ, ಅಂದರೆ ಗಡ್ಡೆಗೆ ಗುರಿಯಿಟ್ಟು ಕೆಲವೇ ಸಲ ಕೊಡುವ ಜೋರಾದ ಕಿರಣ. ಬ್ರೇಕಿಥೆರಪಿಯಲ್ಲಿ, ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ತೂತುಗಳಿರುವ ಪ್ಲಾಸ್ಟಿಕ್ ಫಲಕವನ್ನು ತೊಡೆಗಳ ನಡುವಿನ ಚರ್ಮಕ್ಕೆ ಹೊಲಿದು, ಅದರ ಮೂಲಕ ಪೊಳ್ಳು ಸೂಜಿಗಳನ್ನು ಗಡ್ಡೆಯೊಳಗೆ ಇಳಿಸುತ್ತಾರೆ. ಸ್ಕ್ಯಾನ್ ನೋಡಿ ಲೆಕ್ಕ ಹಾಕಿದ ಮೇಲೆ, ತಂತಿಯ ತುದಿಯಲ್ಲಿರುವ, ಕಿರಣ ಸೂಸುವ ಇರಿಡಿಯಂ-192 ಕಾಳು ಒಂದೊಂದೇ ಸೂಜಿಯೊಳಗೆ ಹೋಗಿ, ಅಲ್ಲಲ್ಲಿ ಕೆಲವು ಸೆಕೆಂಡು ನಿಂತು ಬರುತ್ತದೆ. ಸಾಮಾನ್ಯವಾಗಿ ದಿನಕ್ಕೆರಡು ಸಲ, ನಡುವೆ ಕನಿಷ್ಠ 6 ಗಂಟೆ.

ಸೂಜಿ ತೆಗೆಯುವವರೆಗೆ ಎರಡು ಮೂರು ದಿನ ದೊಡ್ಡಮ್ಮ ಅಂಗಾತ ಮಲಗಿರಬೇಕು, ಕೂರುವ ಹಾಗಿಲ್ಲ. ಮೂತ್ರಕ್ಕೆ ಟ್ಯೂಬ್, ಕಾಲಲ್ಲಿ ರಕ್ತ ಹೆಪ್ಪುಗಟ್ಟದಂತೆ ಇಂಜೆಕ್ಷನ್ ಇರುತ್ತದೆ. ಸೊಪ್ಪು, ಕಾಳು ಬೇಡ, ಮೆತ್ತಗಿನ ಅನ್ನ ಮಜ್ಜಿಗೆ ಸಾಕು. ಊತದಿಂದ ಸೂಜಿ ಸರಿಯುವುದುಂಟು, ದಿನಾ ಮತ್ತೆ ಸ್ಕ್ಯಾನ್ ಮಾಡುತ್ತೀರಾ ಅಂತ ಕೇಳು.

ಹೊಗೆಸೊಪ್ಪು ಈಗಲೇ ಬಿಡಿಸು, ಶುಗರ್ ಹತೋಟಿಯಲ್ಲಿರಲಿ. ಹೊಗೆಸೊಪ್ಪು, ಹೆಚ್ಚಿದ ಶುಗರ್ ಎರಡೂ ಗಾಯ ಬೇಗ ಮಾಯಲು ಬಿಡುವುದಿಲ್ಲ. ಮುಂದೆ ಮಲದಲ್ಲಿ ರಕ್ತ ಬಂತು ಅಂತ ಊರಿನ ಡಾಕ್ಟರು ಕೊಲೊನೋಸ್ಕೋಪಿ (ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವುದು) ಮಾಡಿದರೆ, ಗುದನಾಳದ ಮುಂಗೋಡೆಯಿಂದ ಪರೀಕ್ಷೆಗೆ ಚೂರು ತೆಗೆಯದಂತೆ ಮೊದಲೇ ಹೇಳು. ರೇಡಿಯೇಷನ್ ಆದ ಜಾಗ ಮಾಯದೆ ಅಲ್ಲೇ ತೂತು ಬೀಳಬಹುದು. ಈ ಮಾತನ್ನು ಫೈಲಿನ ಮೇಲೆ ಕೆಂಪು ಪೆನ್ನಲ್ಲಿ ಬರೆದಿಡು.

ಸಿಡಿ ಸಿಕ್ಕ ದಿನ ಫೋನ್ ಮಾಡು. ದೊಡ್ಡಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ತಂಗಿ