ನೀನು ಹೊಡೆದುಹಾಕಿದ ಆ ಸಾಲು

ಪ್ರೀತಿಯ ಪುಟ್ಟಿ,

ನಿನಗೆ ಗುದದ ಕ್ಯಾನ್ಸರ್ ಅನ್ನುವುದನ್ನೂ ಉಳಿದದ್ದನ್ನೂ ನಿಮ್ಮಪ್ಪ ಫೋನಿನಲ್ಲಿ ಹೇಳಿದ್ದ. ಆದರೆ ಪತ್ರದ ಕೊನೆಗೆ ಒಂದು ಸಾಲು ಬರೆದು ಹೊಡೆದುಹಾಕಿದ್ದೀಯಲ್ಲ, "ಅತ್ತೆ, ನನಗೂ ಮಾವನ ಹಾಗೆ ಹೊಟ್ಟೆಗೆ ಚೀಲ ಹಾಕ್ತಾರಾ?" ಅಂತ. ಗೀಟಿನ ಕೆಳಗೂ ಓದಲು ಬಂತು. ಆಮೇಲೆ ನಿದ್ದೆ ಹತ್ತಲಿಲ್ಲ.

ಮಾವನಿಗೆ ಮಲ ಹೋಗಲು ಹೊಟ್ಟೆಗೆ ಆ ಚೀಲ ಯಾಕೆ ಬಂತು ಅಂತ ನಾನು ಯಾರಿಗೂ ಪೂರ್ತಿ ಹೇಳಿಲ್ಲ. ರಕ್ತ ಹೋಗುತ್ತಿತ್ತು, ತುರಿಕೆ, ಕೂತರೆ ನೋವು. ಮೂಲವ್ಯಾಧಿ ಇರಬೇಕು, ಮುಲಾಮು ಹಚ್ಚಿಕೊಳ್ಳಿ ಅಂದವಳು ನಾನೇ. ಒಂದು ವರ್ಷ ಹಚ್ಚಿಕೊಂಡರು. ಮೊದಲು ತೋರಿಸಿದ ಡಾಕ್ಟರೂ ಬೆರಳು ಹಾಕಿ ನೋಡದೆ ಮೂಲವ್ಯಾಧಿ ಅಂತಲೇ ಕಳಿಸಿದರು. ತೊಡೆಸಂದಿಯಲ್ಲಿ ಗಂಟು ಕೈಗೆ ಸಿಕ್ಕಮೇಲೆ ಬಯಾಪ್ಸಿ ಆಗಿ, ಇದೇ ಕ್ಯಾನ್ಸರ್ ಅಂತ ಗೊತ್ತಾಯಿತು. ಅಷ್ಟರಲ್ಲಿ ಅದು ಗುದದ ಸ್ನಾಯುವಿಗೂ ಇಳಿದಿತ್ತು. ರೇಡಿಯೇಶನ್‌ಗೆ ಕರಗಿತು, ಪೂರ್ತಿ ಹೋಗಲಿಲ್ಲ. ಹಾಗಾಗಿ ಆಪರೇಷನ್, ಚೀಲ.

ನಿನ್ನದು ಚಿಕ್ಕದು, ಗಂಟುಗಳಿಗೂ ಹರಡಿಲ್ಲ. ನೀನು ತಡಮಾಡಲಿಲ್ಲ, ಮಾವನಿಗೆ ತಡ ಮಾಡಿಸಿದವಳು ನಾನು. ಇದನ್ನು ಬರೆಯುವಾಗ ಕೈ ನಡುಗುತ್ತಿದೆ.

ಹಿಂದೆ ಈ ಕಾಯಿಲೆ ಅಂದರೆ ಹೆಚ್ಚಿನವರಿಗೆ ಗುದವನ್ನೇ ತೆಗೆದು ಚೀಲ ಹಾಕುತ್ತಿದ್ದರು. 1974ರಲ್ಲಿ ಡೆಟ್ರಾಯಿಟ್‌ನ ನಾರ್ಮನ್ ನಿಗ್ರೋ ಎಂಬ ಸರ್ಜನ್, ಆಪರೇಷನ್‌ಗೆ ಮೊದಲು ರೇಡಿಯೇಶನ್ ಮತ್ತು ಕೀಮೋ ಕೊಟ್ಟ 3 ರೋಗಿಗಳ ಬಗ್ಗೆ ಬರೆದರು. ಇಬ್ಬರಿಗೆ ಆಪರೇಷನ್ ಮಾಡಿ ನೋಡಿದರೆ ತೆಗೆದ ಭಾಗದಲ್ಲಿ ಕ್ಯಾನ್ಸರೇ ಇರಲಿಲ್ಲ. ಇನ್ನೊಬ್ಬರು ಆಪರೇಷನ್ ಬೇಡವೆಂದರು, ಆದರೂ ಚೆನ್ನಾಗಿದ್ದರು. ನಿನಗೆ ಬಂದಿರುವ ಸ್ಕ್ವಾಮಸ್ ಅನ್ನುವ ಜಾತಿಯ ಕ್ಯಾನ್ಸರ್‌ಗೆ ಇವತ್ತಿಗೂ ಮೊದಲ ಚಿಕಿತ್ಸೆ ಅದೇ ದಾರಿಯದ್ದು: ಸುಮಾರು 5-6 ವಾರ ರೇಡಿಯೇಶನ್, ಜೊತೆಗೆ ಮೈಟೋಮೈಸಿನ್, ಫ್ಲೂರೋಯುರಾಸಿಲ್ ಅನ್ನುವ ಕೀಮೋ ಔಷಧಿಗಳು. ಚೀಲದ ಮಾತು ಸಾಮಾನ್ಯವಾಗಿ ಬರುವುದು ಅದಾದ ಮೇಲೂ ಕ್ಯಾನ್ಸರ್ ಉಳಿದರೆ, ಇಲ್ಲವೇ ಮತ್ತೆ ಬಂದರೆ.

ಇನ್ನೊಂದು ಮಾತು. ರೇಡಿಯೇಶನ್ ಮುಗಿದ ಮೇಲೂ ಗೆಡ್ಡೆ ನಿಧಾನವಾಗಿ ಕರಗುತ್ತಾ ಇರುತ್ತದೆ, 26 ವಾರ ಹಿಡಿಯಬಹುದು. ಎರಡನೇ ತಿಂಗಳಲ್ಲಿ ಕೈಗೆ ಗಟ್ಟಿ ಸಿಕ್ಕಿತು ಅಂತ ಚೀಲ ನೆನೆದು ಅಳಬೇಡ. ಬೆಳೆಯುತ್ತಿದ್ದರೆ ಡಾಕ್ಟರೇ ಹೇಳುತ್ತಾರೆ.

ಬುದ್ಧಿ ಹೇಳಲು ನಾನ್ಯಾರು, ಆದರೂ ಕೇಳು. ಮುಂದೆ ಮಗು ಬೇಕು ಅನ್ನಿಸಿದರೆ ರೇಡಿಯೇಶನ್ ಶುರುವಾಗುವ ಮುಂಚೆಯೇ ಡಾಕ್ಟರ್ ಹತ್ತಿರ ಮಾತಾಡು, ಅಂಡಾಶಯಕ್ಕೆ ಪೆಟ್ಟು ಬೀಳುತ್ತದೆ. ಗರ್ಭಕೊರಳಿನ ಪರೀಕ್ಷೆಯನ್ನೂ ಮಾಡಿಸು, ಹೆಚ್ಚಾಗಿ ಎರಡು ಕಡೆಯೂ ಕಾರಣ ಅದೇ ಎಚ್‌ಪಿವಿ ವೈರಸ್. ತುಂಬಾ ಜನರಿಗೆ ತಗಲುವ ವೈರಸ್ ಅದು, ನಾಚಿಕೆಪಡುವಂಥದ್ದು ಏನೂ ಇಲ್ಲ. ಕೊನೆಕೊನೆಗೆ ಚರ್ಮ ಸುಟ್ಟ ಹಾಗೆ ಉರಿಯುತ್ತದೆ. ಸಹಿಸಿಕೊಂಡು ಕೂರಬೇಡ, ನೋವಿನ ಮಾತ್ರೆ ಕೇಳು.

ಮತ್ತೆ ಚೀಲಕ್ಕೇ ಬರುತ್ತೇನೆ. ಬಂದೇ ಬಿಟ್ಟರೆ ಅಂತ ನೀನು ಯೋಚಿಸುತ್ತಿರುತ್ತೀಯ, ಅಲ್ವಾ? ಮಾವ ಅದರೊಂದಿಗೆ 11 ವರ್ಷ ಇದ್ದರು. ಪುಟ್ಟ ಕತ್ತರಿಯಲ್ಲಿ ಅಂಟುಬಿಲ್ಲೆಗೆ ತೂತು ಕತ್ತರಿಸಿ, ಅಂಚನ್ನು ಹೆಬ್ಬೆರಳಿನಿಂದ ಸವರಿ ನಯ ಮಾಡಿ, ಹೊಟ್ಟೆಗೆ ಒತ್ತಿ ಹಿಡಿದು ಕೂರುತ್ತಿದ್ದರು. ಮೊದಲ ಎಷ್ಟೋ ತಿಂಗಳು ಇದ್ಯಾವುದನ್ನೂ ನಾನು ನೋಡಲೇ ಇಲ್ಲ. ಬಚ್ಚಲ ಬಾಗಿಲ ಹೊರಗೆ ನಿಂತು ಟವೆಲ್ ಕೊಟ್ಟು ಹೋಗುತ್ತಿದ್ದೆ. ಒಳಗೆ ಬರಲಾ ಅಂತ ಒಂದು ಸಲವೂ ಕೇಳಲಿಲ್ಲ.

ರೇಡಿಯೇಶನ್ ಯಾವತ್ತು ಶುರು ಅಂತ ತಿಳಿಸು. ಹಿಂದಿನ ದಿನವೇ ಬರುತ್ತೇನೆ.

ನಿನ್ನ ಅತ್ತೆ