ಲಿವರ್ ಕ್ಯಾನ್ಸರ್: ಆರು ತಿಂಗಳ ಸ್ಕ್ಯಾನಿಂಗ್ ತಾಲ್ಲೂಕಲ್ಲೇ ಆಗಲಿ

ಮಾನ್ಯ ಸಂಪಾದಕರೇ,

ಲಿವರ್ ಕ್ಯಾನ್ಸರಿಗೆ ಇಮ್ಯುನೊಥೆರಪಿ, ಅಂದರೆ ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎತ್ತಿಕಟ್ಟುವ ಚಿಕಿತ್ಸೆ, ಬಂದಿದೆ ಅಂತ ಈಗ ಎಲ್ಲರೂ ಹೇಳುತ್ತಾರೆ. ಬಂದಿರುವುದು ನಿಜ. ಕುಷ್ಟಗಿ ಕಡೆಯ ನಮ್ಮ ಸೋದರಮಾವನಿಗೆ ಅದು ದಕ್ಕಲಿಲ್ಲ.

ಹೋದ ವರ್ಷ ಅವರ ಕಣ್ಣು ಹಳದಿಯಾಯಿತು. ಕಾಮಣಿ ಅಂತ ಊರಲ್ಲಿ ಮುಂಗೈಗೆ ಬರೆ ಹಾಕಿಸಿದರು, ಬೇರು ಅರೆದು ಕುಡಿಸಿದರು. ಎರಡು ತಿಂಗಳು ಹೀಗೇ ಹೋಯಿತು. ಹೊಟ್ಟೆಗೆ ನೀರು ತುಂಬಿ ಧೋತರದ ಗಂಟು ನಿಲ್ಲದಂತಾದ ಮೇಲೆ ಬೆಂಗಳೂರಿಗೆ ಕರೆದೊಯ್ದೆವು. ಲಿವರ್ ಕ್ಯಾನ್ಸರ್, ಅದರ ಹಿಂದೆ ಎಷ್ಟೋ ವರ್ಷದ ಹೆಪಟೈಟಿಸ್ ಬಿ ಅನ್ನೋ ಲಿವರ್ ವೈರಸ್ ಸೋಂಕು. ಆ ಹೊಸ ಇಂಜೆಕ್ಷನ್ ಕೊಡಿ ಸಾರ್ ಅಂದರೆ, ಲಿವರ್ ಪೂರ್ತಿ ಸೋತಿದೆ, ಈಗ ತಡೆದುಕೊಳ್ಳಲ್ಲ ಅಂದರು ಡಾಕ್ಟರು.

ಅವರೇ ಕೂತು ತಿಳಿಸಿದರು. ಮೈ ಕಾಯುವ ಟಿ ಕೋಶಗಳಿಗೆ ಪಿಡಿ-1 ಅನ್ನೋ ಬ್ರೇಕ್ ಇದೆ, ಅವು ಸುಮ್ನೆ ನಮ್ಮ ಮೈಮೇಲೇ ಬೀಳಬಾರದಲ್ವಾ, ಅದಕ್ಕೆ. ಕ್ಯಾನ್ಸರ್ ಕೋಶ ಪಿಡಿ-ಎಲ್1 ಮುಂದೊಡ್ಡಿ ಆ ಬ್ರೇಕನ್ನೇ ಒತ್ತಿ ಹಿಡಿಯುತ್ತದೆ. ಅಟೆಜೋಲಿಜುಮ್ಯಾಬ್ ಅನ್ನೋ ಆ ಹೊಸ ಇಂಜೆಕ್ಷನ್ ಅದನ್ನು ತಡೆಯುತ್ತದೆ. ಗಡ್ಡೆ ವಿಇಜಿಎಫ್ ಸಂಕೇತ ಕಳಿಸಿ ತನ್ನ ಕಡೆ ಹೊಸ ರಕ್ತನಾಳ ಎಳೆದುಕೊಳ್ಳುತ್ತದೆ, ಅದನ್ನು ತಡೆಯಲು ಜೊತೆಗೆ ಬೆವಾಸಿಜುಮ್ಯಾಬ್ ಅನ್ನೋ ಇನ್ನೊಂದು ಇಂಜೆಕ್ಷನ್. ಈ ಜೋಡಿಗೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಎರಡು ಚಿಕಿತ್ಸೆ ಹೋಲಿಸಿ ನೋಡಿದ ಪ್ರಯೋಗದಲ್ಲಿ, ಹಳೆಯ ಸೊರಾಫೆನಿಬ್ ಮಾತ್ರೆ ತೆಗೆದುಕೊಂಡವರಲ್ಲಿ ಅರ್ಧದಷ್ಟು ಜನ 13.4 ತಿಂಗಳು ದಾಟಿ ಬದುಕಿದರೆ, ಈ ಜೋಡಿಯಲ್ಲಿ 19.2 ತಿಂಗಳು. ಆದರೆ ಆ ಪ್ರಯೋಗಕ್ಕೆ ಸೇರಿಸಿಕೊಂಡಿದ್ದು ಲಿವರ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿದ್ದವರನ್ನು ಮಾತ್ರ. ನಮ್ಮಲ್ಲಿ ಜಾಸ್ತಿ ಜನ ಅಷ್ಟು ಬೇಗ ಆಸ್ಪತ್ರೆ ಮೆಟ್ಟಿಲು ಹತ್ತುವುದೇ ಇಲ್ಲ.

ಹೆಪಟೈಟಿಸ್ ಪರೀಕ್ಷೆ, ಮಾತ್ರೆ ಎರಡನ್ನೂ ಉಚಿತವಾಗಿ ಕೊಡುವ ರಾಷ್ಟ್ರೀಯ ಕಾರ್ಯಕ್ರಮ 2018ರಿಂದಲೇ ಇದೆ. ನಮ್ಮೂರಲ್ಲಿ ಕೇಳಿದರೆ ಅದು ಗೊತ್ತಿದ್ದವರು ಒಬ್ಬರೂ ಸಿಗಲಿಲ್ಲ. ಬಸುರಿಯರ ಹೆಸರು ಆಶಾ ಕಾರ್ಯಕರ್ತೆಯರ ಪುಸ್ತಕದಲ್ಲಿ ಇರುತ್ತದೆ. ಹಾಗೆಯೇ ಲಿವರ್ ಗಟ್ಟಿಕಟ್ಟಿ ಕುಗ್ಗಿದವರದ್ದೂ ಒಂದು ಪಟ್ಟಿ ಇರಲಿ, ಗಡ್ಡೆ ಇದ್ದರೆ ಬೇಗ ಗೊತ್ತಾಗುವಂತೆ ಆರು ತಿಂಗಳಿಗೊಮ್ಮೆ ತಾಲ್ಲೂಕು ಆಸ್ಪತ್ರೆಯಲ್ಲೇ ಅವರ ಹೊಟ್ಟೆಯ ಸ್ಕ್ಯಾನ್ ಆಗಲಿ. ಇನ್ನೊಂದು ಮಾತು. ಒಳ್ಳೆ ಶೇಂಗಾ ಮಾರಿ, ಬೂಷ್ಟು ಹಿಡಿದದ್ದನ್ನು ಆರಿಸಿ ಮನೆ ಚಟ್ನಿಪುಡಿಗೆ ಇಟ್ಟುಕೊಳ್ಳುವ ರೂಢಿ ನಮ್ಮ ಕಡೆ ಇದೆ. ಆ ಬೂಷ್ಟಿನಲ್ಲಿ ಅಫ್ಲಟಾಕ್ಸಿನ್ ವಿಷ ಇರಬಹುದು, ಹೆಪಟೈಟಿಸ್ ಬಿ ಇದ್ದವರ ಲಿವರಿಗೆ ಅದು ಇನ್ನೂ ಕೆಟ್ಟದ್ದು. ಹುರಿದರೂ ಪೂರ್ತಿ ಹೋಗುವುದಿಲ್ಲ. ದಯವಿಟ್ಟು ಚೆಲ್ಲಿಬಿಡಿ.

ಮಾವ ತೀರಿಕೊಂಡ ಮೇಲೆ ಅವರ ಇಬ್ಬರು ಮಕ್ಕಳಿಗೂ ರಕ್ತ ಪರೀಕ್ಷೆ ಮಾಡಿಸಿದೆವು. ದೊಡ್ಡವನಿಗೆ ಹೆಪಟೈಟಿಸ್ ಬಿ ಇದೆ. ಮಾತ್ರೆ ಶುರುವಾಗಿದೆ.

— ಒಬ್ಬ ಓದುಗ, ಕುಷ್ಟಗಿ, ಕೊಪ್ಪಳ ಜಿಲ್ಲೆ