ಸೀನನಿಗೊಂದು ಪತ್ರ: ಅಫೀಮಿಲ್ಲದ ಅಫೀಮು

ಲೋ ಸೀನ,

ನಿನ್ನ ಪಾರ್ಸೆಲ್ ಸಿಕ್ತು. ನಿನ್ನ ಭಾವಮೈದ ಮೆಜೆಸ್ಟಿಕ್ ಹತ್ರ ಬಂದು ಕೈಗಿಡುವಾಗ, "ಅಣ್ಣ, ಏರ್‌ಪೋರ್ಟಲ್ಲಿ ಡಬ್ಬದ ಮೇಲಿನ ಹೆಸರು ಓದಿ ಒಬ್ಬ ಆಫೀಸರು ನನ್ನ ಮೇಲಿಂದ ಕೆಳಗೆ ನೋಡಿದ" ಅಂದ. ಪಾಪ, ಇನ್ನೂ ಬೆವರ್ತಿದ್ದ. 'ಓಪಿಯಂ', ಅಂದ್ರೆ ಅಫೀಮು, ಅಂತ ದಪ್ಪಕ್ಷರದಲ್ಲಿ ಬರೆದಿರೋ ಸೆಂಟಿನ ಪೆಟ್ಟಿಗೆಯನ್ನ ಆ ಹುಡುಗನ ಕೈಲಿ ಕಳಿಸ್ತೀಯಲ್ಲ, ನೀನು ಬದಲಾಗಲ್ಲ ಬಿಡು. ಲಿಂಬೆಹಣ್ಣು ಮೇಷ್ಟ್ರು ಹೇಳಿದ್ದೇ ನಿಜ.

ವಾಟ್ಸಾಪಲ್ಲೇ ಥ್ಯಾಂಕ್ಸ್ ಹೇಳಬಹುದಿತ್ತು. ಆದರೆ ಅಲ್ಲಿ ಏನು ಬರೆದರೂ ನೀನು ಒಂದು ಹೆಬ್ಬೆರಳು ಒತ್ತಿ ಮಲಗಿಬಿಡ್ತೀಯ. ಇಲ್ಲಿ ನಾಲ್ಕು ಜನ ನೋಡ್ತಿರ್ತಾರೆ, ಮರ್ಯಾದೆಗಾದರೂ ಪೂರ್ತಿ ಓದ್ತೀಯ. (ಉಳಿದವರಿಗೆ: ಸೀನ ನನ್ನ ಹೈಸ್ಕೂಲ್ ಗೆಳೆಯ, ಈಗ ಬ್ರಸೆಲ್ಸ್‌ನಲ್ಲಿದ್ದಾನೆ. ಮೂರನೇ ಬಕೆಟ್ ವಿಷಯ ಅವನನ್ನೇ ಕೇಳಿ, ನನ್ನ ಬಾಯಿಂದ ಬರಲ್ಲ.)

ಹಳೆ ಸಾಮಾನಿನ ಸಂತೆಯಲ್ಲಿ ಇಂಥದ್ದು ಸಿಗುತ್ತೆ ಅಂದ್ರೆ ನಂಬೋಕಾಗಲ್ಲ ಕಣೋ. ಅರಗಿನಂಥ ಕೆಂಪು ಕವಚ, ನಡುವೆ ದುಂಡನೆ ಕಿಟಕಿ, ಆ ಕಿಟಕಿಯಲ್ಲಿ ಇಣುಕೋ ಜೇನುಬಣ್ಣದ ಸೆಂಟು, ಕತ್ತಿಗೆ ದಾರದ ಗೊಂಡೆ. ಶೀಶೆಯ ವಿನ್ಯಾಸ ಪಿಯೆರ್ ದಿನಾನ್ ಅನ್ನೋನದ್ದು. ಜಪಾನಿನ ಹಳೇ ಉಡುಪಿಗೆ ಜೇಬಿರಲಿಲ್ಲವಲ್ಲ, ಅದಕ್ಕೇ ಔಷಧಿ ಗಿವುಷಧಿ ಇಟ್ಟುಕೊಳ್ಳೋಕೆ ನಡುಪಟ್ಟಿಗೆ ಒಂದು ಪುಟ್ಟ ಡಬ್ಬಿ ತೂಗುಬಿಡ್ತಿದ್ರು, ಇನ್ರೊ ಅಂತ. ಇದು ಅದರ ನಕಲು. ಒಳಗಿನ ಸುಗಂಧವನ್ನ ಪ್ಯಾರಿಸ್ಸಿನ ವಸ್ತ್ರವಿನ್ಯಾಸಕ ಈವ್ ಸಾಂ ಲೋರಾಂ ಮಾಡಿಸಿದ್ದು ಚೀನಾದ ಮಹಾರಾಣಿಯ ಕಲ್ಪನೆಯಲ್ಲಿ. 1977ರಲ್ಲಿ ಪ್ಯಾರಿಸ್ಸಿನಲ್ಲಿ ಬಿಡುಗಡೆ. ಅದೇ ವರ್ಷ ಅವನ ಉಡುಪುಗಳ ಸಂಗ್ರಹವೂ ಚೀನಾಮಯ. ಜಪಾನಿನ ಡಬ್ಬಿ, ಚೀನಾದ ರಾಣಿ, ಬಿಹಾರದ ಅಫೀಮು, ಪ್ಯಾರಿಸ್ಸಿನ ರಸೀದಿ. ಇಷ್ಟೆಲ್ಲ ಸೇರಿ 'ಪೂರ್ವದೇಶ'.

ಬೈಯೋಕೆ ಸುಲಭ. ಆದರೆ ಮೂಗು ಮಾತ್ರ ಬೈಯಲ್ಲ ಮಾರಾಯ. ಮೊದಲು ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ, ಮೆಣಸು. ಐದು ನಿಮಿಷ ಬಿಟ್ಟರೆ ಲವಂಗ ಎದ್ದು ಕೂರುತ್ತೆ, ಜೊತೆಗೆ ಕಾರ್ನೇಶನ್ ಹೂವು. ಅದೂ ಲವಂಗದ ನೆಂಟನೇ, ಎರಡರ ಗುಟ್ಟೂ ಯೂಜಿನಾಲ್ ಅನ್ನೋ ವಾಸನೆಯ ರಾಸಾಯನಿಕ. ಆಮೇಲೆ ಸಂಜೆವರೆಗೂ ಅಂಟು, ರಾಳ: ರಕ್ತಬೋಳ, ಒಪೊಪೊನಾಕ್ಸ್, ಸಾಂಬ್ರಾಣಿ. ಮಣಿಕಟ್ಟಿಗೆ ಹಾಕ್ಕೊಂಡು ಅಡುಗೆಮನೆಗೆ ಹೋದರೆ ನಮ್ಮವಳು ತಿರುಗಿ ನೋಡದೆ, "ಯಾರ ಮನೇಲಿ ಬಾಣಂತಿ?" ಅಂದಳು. ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಕೂದಲು ಹರಡಿ ಒಣಗಿಸೋ ಮನೆಯಲ್ಲಿ ಹುಟ್ಟಿದವಳು, ಇನ್ನೇನು ಹೇಳ್ತಾಳೆ. ಚೀನಾದ ಮಹಾರಾಣಿ ನಮ್ಮನೆ ಬಚ್ಚಲಿಗೆ ಬಂದಳು. ಆಮೇಲೆ ಕೈ ಹಿಡಿದೆಳೆದು ಇನ್ನೊಮ್ಮೆ ಮೂಸಿ, "ಲವಂಗ ಜಾಸ್ತಿ ಆಯ್ತು" ಅಂತ ತೀರ್ಪು ಕೊಟ್ಟಳು. ಅಲರ್ಜಿ ಅಂತ ಯೂಜಿನಾಲಿಗೆ ಈಗ ಮಿತಿ ಹಾಕಿದ್ದಾರೆ, ಹಾಗಾಗಿ ಹಳೇ ಶೀಶೆಯ ಲವಂಗದ ಗತ್ತೇ ಬೇರೆ ಅಂತ ಅವಳಿಗೆ ಹೇಳಲು ಹೋದೆ. ಕುಕ್ಕರ್ ಕೂಗಿತು.

ನಿನಗೆ ಗೊತ್ತಲ್ಲ, ನನ್ನ ಕೈಗೊಂದು ವಸ್ತು ಕೊಟ್ಟರೆ ಅದರ ಜಾತಕ ಬರೆಯೋವರೆಗೂ ನಿದ್ದೆ ಬರಲ್ಲ. ಇದರೊಳಗೆ ಅಫೀಮಿಲ್ಲ, ಹೆಸರು ಮಾತ್ರ. ಗಸಗಸೆ ಪಾಯಸ ಕುಡಿದು ಮದುವೆಮನೆ ಜಮಖಾನದ ಮೇಲೆ ಉರುಳಿದ ನಮಗೆ ಆ ಗಿಡವೇನು ಹೊಸದಲ್ಲ, ಬೀಜ ಪಾಯಸಕ್ಕೆ, ಕಾಯಿ ಗೀರಿದರೆ ಒಸರೋ ಹಾಲು ಅಫೀಮಿಗೆ. ಬಿಹಾರದ ಆ ಹಾಲಿನ ಮೇಲೆ ಈಸ್ಟ್ ಇಂಡಿಯಾ ಕಂಪನಿ 1773ರಲ್ಲಿ ಏಕಸ್ವಾಮ್ಯ ಸ್ಥಾಪಿಸಿತು. ಪಟ್ನಾ, ಗಾಜೀಪುರದ ಕಾರ್ಖಾನೆಗಳಲ್ಲಿ ಅದನ್ನ ಉಂಡೆ ಕಟ್ಟಿ, ಗಸಗಸೆ ಹೂವಿನ ಪಕಳೆಗಳನ್ನೇ ಹಾಳೆ ಮಾಡಿ ಒಂದರ ಮೇಲೊಂದು ಅಂಟಿಸಿ ಸುತ್ತೋರು. ಪೆಟ್ಟಿಗೆಗೆ 40 ಉಂಡೆ. (ಗಾಜೀಪುರದ ಕಾರ್ಖಾನೆ ಈಗಲೂ ಇದೆ, ಔಷಧಿಗಾಗಿ. ಟಿಪ್ಪುವಿನ ಇಬ್ಬರು ಮಕ್ಕಳನ್ನ ಒತ್ತೆ ಹಿಡಿದ ಕಾರ್ನ್‌ವಾಲಿಸ್ ಸತ್ತಿದ್ದೂ ಅದೇ ಊರಲ್ಲಿ, ಸಮಾಧಿ ಅಲ್ಲೇ ಇದೆ. ಇದು ನಿನ್ನ ಕ್ವಿಜ್ ಚಟಕ್ಕೆ.) ಕಂಪನಿಯ ಹಡಗಿನಲ್ಲಿ ಚೀನಾಕ್ಕೆ ಒಯ್ದರೆ ಹೆಸರು ಕೆಡುತ್ತಲ್ಲ, ಅದಕ್ಕೆ ಕಲ್ಕತ್ತೆಯಲ್ಲಿ ಹರಾಜು ಹಾಕಿ ಕೈ ತೊಳ್ಕೊಳ್ಳೋದು. ಕೊಂಡ ವರ್ತಕರು ಕದ್ದು ಸಾಗಿಸೋರು. ಅಫೀಮಿಗೆ ಚೀನೀಯರು ಕೊಟ್ಟ ಬೆಳ್ಳಿಯಲ್ಲಿ ಇಂಗ್ಲೆಂಡಿಗೆ ಟೀ ಸೊಪ್ಪು.

1839ರಲ್ಲಿ ಲಿನ್ ಜ಼ೆಶು ಅನ್ನೋ ಚೀನೀ ಅಧಿಕಾರಿ 20,000ಕ್ಕೂ ಹೆಚ್ಚು ಪೆಟ್ಟಿಗೆ ಹಿಡಿದು, ಹುಮೆನ್ ಅನ್ನೋ ಕಡೆ ಗುಂಡಿ ತೋಡಿಸಿ, ಉಪ್ಪು ಸುಣ್ಣ ಹಾಕಿ ಕರಗಿಸಿ ಸಮುದ್ರಕ್ಕೆ ಬಿಟ್ಟ. ಬಿಡೋ ಮುಂಚೆ ಸಮುದ್ರದೇವತೆಗೆ ಕ್ಷಮೆ ಕೇಳಿ ಪ್ರಾರ್ಥನೆ ಬರೆದನಂತೆ, ನಿನ್ನ ನೀರು ಹೊಲಸು ಮಾಡ್ತಿದ್ದೀನಿ ಅಂತ. ಈ ಇಡೀ ಕಥೆಯಲ್ಲಿ ಯಾರ ಮುಂದಾದರೂ ತಲೆ ತಗ್ಗಿಸಿದವನು ಅಂತ ನನಗೆ ಸಿಕ್ಕಿದ್ದು ಇವನೊಬ್ಬನೇ. ಅದಕ್ಕೆ ಉತ್ತರವಾಗಿ ಯುದ್ಧ, 1842ರಲ್ಲಿ ಹಾಂಗ್‌ಕಾಂಗ್ ಬ್ರಿಟಿಷರ ಕೈಗೆ. ಎರಡನೇ ಯುದ್ಧಕ್ಕೆ ಫ್ರಾನ್ಸೂ ಸೇರಿಕೊಂಡಿತು. 1860ರ ಅಕ್ಟೋಬರಿನಲ್ಲಿ ಎರಡೂ ಸೈನ್ಯ ಪೀಕಿಂಗ್ (ಈಗಿನ ಬೀಜಿಂಗ್) ಪಕ್ಕದ ಬೇಸಿಗೆ ಅರಮನೆಯನ್ನ ದೋಚಿದವು, ಆಮೇಲೆ ಬ್ರಿಟಿಷರು ಲಾರ್ಡ್ ಎಲ್ಗಿನ್ ಆಜ್ಞೆಯ ಮೇಲೆ ಸುಟ್ಟರು. ಮುಂದೆ ಮಹಾರಾಣಿ ಸಿಶಿ ಅಂತ ಹೆಸರಾದವಳು ಆಗ ಪುಟ್ಟ ಮಗನ ಜೊತೆ ಚಕ್ರವರ್ತಿಯ ಹಿಂದೆ ಓಡಿಹೋಗಿದ್ದಳು. ಅರಮನೆಯಲ್ಲಿ ಸಿಕ್ಕ ಒಂದು ಪುಟ್ಟ ನಾಯಿಯನ್ನ ವಿಕ್ಟೋರಿಯಾ ರಾಣಿಗೆ ಕೊಟ್ಟರು. ಅದಕ್ಕಿಟ್ಟ ಹೆಸರು ಲೂಟಿ. ನಾನು ಕಟ್ಟಿದ್ದಲ್ಲ, ದೇವರಾಣೆ. ಫ್ರೆಂಚರ ಪಾಲಿನಲ್ಲಿ ಒಂದು ಭಾಗ ಸಾಮ್ರಾಜ್ಞಿ ಯೂಜೆನಿಗೆ ಹೋಯ್ತು. ಅದನ್ನಿಡೋಕೆ 1863ರಲ್ಲಿ ಫಾಂಟೆನ್‌ಬ್ಲೊ ಅರಮನೆಯಲ್ಲಿ ಒಂದು ಚೀನೀ ಮ್ಯೂಸಿಯಂ ಮಾಡಿಸಿದಳು. ಎಲ್ಗಿನ್ ಸಾಹೇಬ 1862ರಲ್ಲಿ ನಮಗೆ ವೈಸ್‌ರಾಯ್ ಆಗಿ ಬಂದ.

ಚೀನಾದ ರಾಣಿಯ ಮನೆ ದೋಚಿದ ಊರಿನವರೇ ನೂರು ಚಿಲ್ಲರೆ ವರ್ಷ ಬಿಟ್ಟು ಚೀನಾದ ರಾಣಿಯ ಹೆಸರಲ್ಲಿ ಸೆಂಟು ಮಾಡಿ, ಅದಕ್ಕೆ ಓಪಿಯಂ ಅಂತ ಹೆಸರಿಟ್ಟರು. 1978ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಬಂದರಿನಲ್ಲಿ ಬಿಡುಗಡೆಯ ಪಾರ್ಟಿ, ಹಳೇ ಹಾಯಿಹಡಗಿನ ಮೇಲೆ. ಹಡಗಿನ ಹೆಸರು ಪೀಕಿಂಗ್. ಮರುವರ್ಷ ಅಮೆರಿಕದ ಚೀನೀಯರು ಹೆಸರು ಬದಲಿಸಿ, ಕ್ಷಮೆ ಕೇಳಿ ಅಂತ ಬೀದಿಗಿಳಿದರು. ಹೆಸರು ಬದಲಾಗಲಿಲ್ಲ. ನನ್ನ ಕೇಳಿದ್ರೆ ಬೀದಿಗಿಳಿದವರದ್ದೇ ಸರಿ. ಯಾರಾದರೂ 'ಜಲಿಯನ್‌ವಾಲಾ' ಅಂತ ಅತ್ತರು ಮಾಡಿ ಕೆಂಪು ಡಬ್ಬಿಯಲ್ಲಿಟ್ಟು ಮಾರಿದ್ರೆ ನೀನೂ ನಾನೂ ಸುಮ್ಮನಿರ್ತಿದ್ವಾ?

ಇಷ್ಟು ಓದಿ, ನಾವು ಬಚಾವು, ಇದೆಲ್ಲ ಅವರ ಪಾಪ ಅಂತ ಕೂತಿದ್ದೆ. ಆಮೇಲೆ ನೋಡಿದರೆ ಎರಡೂ ಯುದ್ಧದಲ್ಲಿ ಬ್ರಿಟಿಷರ ಕಡೆ ಮದ್ರಾಸ್ ಸ್ಯಾಪರ್ಸ್ ಅನ್ನೋ ಇಂಜಿನಿಯರ್ ಸೈನಿಕರು ಇದ್ದಾರೆ. ಅಂದ್ರೆ ನಮ್ಮ ಹಲಸೂರು ಕೆರೆ ಪಕ್ಕದ ಎಂಇಜಿ (ಮದ್ರಾಸ್ ಇಂಜಿನಿಯರ್ ಗ್ರೂಪ್) ಪಡೆಯ ಪೂರ್ವಿಕರು. ಮೊದಲ ಯುದ್ಧಕ್ಕೆ ಅವರಿಗೆ ಸಿಕ್ಕ ಲಾಂಛನ ಡ್ರ್ಯಾಗನ್. ನಾನು ದಿನಾ ಆಫೀಸಿಗೆ ಹೋಗೋ ದಾರಿ ಅದು. ಸಿಗ್ನಲ್ಲಿನಲ್ಲಿ ನಿಂತಾಗ ಕಾಂಪೌಂಡ್ ಕಡೆ ನೋಡ್ತೀನಿ, ಮಣಿಕಟ್ಟು ಮೂಸ್ತೀನಿ. ಪಕ್ಕದ ಆಟೋದವರು ನೋಡಿ ಹಾರ್ನ್ ಹೊಡೀತಾರೆ.

ಇಲ್ಲಿಗೆ ಮುಗಿಸೋಣ ಅಂತಲೇ ಕೂತಿದ್ದೆ ಕಣೋ. ಲವಂಗ ಬಿಡ್ತಿಲ್ಲ.

ನಮ್ಮಪ್ಪ ನಿನ್ನನ್ನ ಸೈಕಲ್ಲಿನ ಮುಂದಿನ ಕಂಬಿ ಮೇಲೆ, ನನ್ನನ್ನ ಹಿಂದೆ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಟೆಂಟ್ ಸಿನಿಮಾಕ್ಕೆ ಕರ್ಕೊಂಡು ಹೋಗ್ತಿದ್ರಲ್ಲ, ನೆನಪಿರಬೇಕು. ಕಂಬಿ ಮೇಲೆ ಕೂತವನ ನೆತ್ತಿಗೆ ಅವರ ಉಸಿರು ನೇರ ತಾಗುತ್ತಿತ್ತು. ಒಂದ್ಸಲ ಇಳಿದ ಮೇಲೆ ನೀನು, "ನಿಮ್ಮಪ್ಪನ ಹತ್ರ ಎಂಥ ವಾಸನೆ ಬರುತ್ತಲ್ಲೋ, ಅರಮನೆಯವರ ಥರ" ಅಂದಿದ್ದೆ. ನಾನು ಹೂಂ ಅಂದೆ. ನನಗೆ ಆಗಲೇ ಗೊತ್ತಿತ್ತು.

ಬಸ್‌ಸ್ಟ್ಯಾಂಡ್ ಹಿಂದಿನ ಸಾರಾಯಿ ಅಂಗಡಿಯಿಂದ ಹೊರಟು ಮನೆ ಮುಟ್ಟೋ ಹೊತ್ತಿಗೆ ಅವರು ಲವಂಗ ಅಗಿದು ಮುಗಿಸಿರ್ತಿದ್ರು. ಬಿಳಿ ಶರ್ಟಿನ ಜೇಬಿನಲ್ಲಿ ಪೇಪರ್ ಪೊಟ್ಟಣ. ಎಣ್ಣೆ ಕಾಗದ ದಾಟಿ ಬಟ್ಟೆಗಿಳಿದು ಜೇಬಿನ ತಳದಲ್ಲಿ ಕಂದು ಕಲೆ. ಅಮ್ಮ ಅದನ್ನ ಉಜ್ಜಿ ಉಜ್ಜಿ, ಆ ಜಾಗದಲ್ಲಿ ಬಟ್ಟೆ ಸವೆದು ಪೆನ್ನಿನ ತುದಿ ಹೊರಗೆ ಬರೋದು. ಅಷ್ಟು ಉಜ್ಜಿದವಳು ಅಪ್ಪನನ್ನ ಒಂದು ಮಾತು ಕೇಳಿದ್ದನ್ನ ನಾನು ನೋಡಿಲ್ಲ. ನಮ್ಮನೆ ಪಲಾವಿಗೆ ಲವಂಗ ಯಾಕಿಲ್ಲ ಅಂತ ನೀನೇ ಕೇಳಿದ್ದೆ. "ಉಷ್ಣ ಕಣಪ್ಪ" ಅಂದಿದ್ದಳು.

ಆ ಅಂಗಡಿಯೂ ಸರ್ಕಾರ ಹರಾಜು ಹಾಕಿ ಕೊಟ್ಟಿದ್ದೇ. ಪ್ಯಾಕೆಟ್ ಸಾರಾಯಿ ನಿಂತಿದ್ದು 2007ರಲ್ಲಿ, ಅಷ್ಟೊತ್ತಿಗೆ ನಾವಿಬ್ಬರೂ ಊರು ಬಿಟ್ಟಾಗಿತ್ತು. ಕಲ್ಕತ್ತೆಯ ಹರಾಜಿನ ಬಗ್ಗೆ ಓದ್ತಾ ನನಗೆ ಯಾಕೆ ಅಷ್ಟು ಸಿಟ್ಟು ಬಂತು ಅಂತ ಈಗ ಅರ್ಥ ಆಗ್ತಿದೆ.

ಕಷ್ಟ ಅದಲ್ಲ. ಈ ಸೆಂಟು ಮೂಗಿಗೆ ಹಿಡಿದಾಗ ನನಗೆ ಸಿಟ್ಟು ಬರಬೇಕಿತ್ತು, ವಾಕರಿಕೆ ಬಂದಿದ್ರೂ ನಡೀತಿತ್ತು. ಬಂದಿದ್ದು ಖುಷಿ. ಅಪ್ಪ ಬಂದ್ರು, ಸೈಕಲ್ ಸ್ಟ್ಯಾಂಡ್ ಹಾಕಿದ್ರು ಅನ್ನೋ ಖುಷಿ. ಮತ್ತೆ ಇನ್ನೊಂದಿದೆ. ಮೊನ್ನೆ ಆಫೀಸಿನವರ ಜೊತೆ ಕೂತು ಲೇಟಾಯ್ತು. ಕ್ಯಾಬ್ ಇಳಿದು, ಗೇಟಿನ ಹತ್ರ ನಿಂತು, ಬ್ಯಾಗಿಂದ ನಿನ್ನ ಕೆಂಪು ಡಬ್ಬಿ ತೆಗೆದು ಕುತ್ತಿಗೆಗೆ ಹಚ್ಕೊಂಡು ಮೇಲೆ ಹೋದೆ. ಬಾಗಿಲು ತೆಗೆದವಳು ಮಗಳು. ಮೂಗರಳಿಸಿದಳು, ಏನೂ ಅನ್ನಲಿಲ್ಲ. ಒಂಬತ್ತು ವರ್ಷದ ಮಕ್ಕಳಿಗೆ ಎಷ್ಟು ಗೊತ್ತಾಗುತ್ತೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಎರಡೇ ಪೆಗ್ಗು ಮಾರಾಯ, ಅದೂ ಬಿಟ್ಟಿ. ಗಾಬರಿಯಾಗಿ ರಾತ್ರಿ ಹನ್ನೆರಡಕ್ಕೆ ವಿಡಿಯೋ ಕಾಲ್ ಮಾಡಬೇಡ.

ಕಾಮೆಂಟಿನಲ್ಲಿ ಯಾರೂ ಕೈ ಮುಗಿಯೋ ಎಮೋಜಿ ಹಾಕಬೇಡಿ. ಅಪ್ಪ ಗಟ್ಟಿಮುಟ್ಟಾಗಿದ್ದಾರೆ, ಕುಡಿತ ಬಿಟ್ಟು ಬಹಳ ಕಾಲವಾಯ್ತು. ಈಗ ಬೆಳಗ್ಗೆ ಐದಕ್ಕೆ ನನಗೆ ಗುಡ್ ಮಾರ್ನಿಂಗ್ ಗುಲಾಬಿ ಕಳಿಸ್ತಾರೆ, ಅದರ ಹಿಂದೆಯೇ ಮಂಡಿನೋವಿಗೆ ಮೆಂತ್ಯ. ಜೇಬಿನಲ್ಲಿ ಲವಂಗ ಇನ್ನೂ ಇರುತ್ತೆ. ಯಾಕೆ ಅಂತ ಕೇಳಿದ್ರೆ ಹಲ್ಲುನೋವು ಅಂತಾರೆ. ಬಾಯಲ್ಲಿರೋದು ಪೂರ್ತಿ ಕಟ್ಟಿಸಿದ ಹಲ್ಲು.

ಮುಂದಿನ ಸಲ ಚರಿತ್ರೆ ಇಲ್ಲದ ವಸ್ತು ಏನಾದರೂ ಕಳಿಸೋ. ಬೆಲ್ಜಿಯಂನ ಲಿಯೊಪೋಲ್ಡ್ ದೊರೆ ಆಫ್ರಿಕಾದ ಕಾಂಗೊ ದೋಚಿದ ದುಡ್ಡಲ್ಲಿ ಮೆರೆಸಿದ ಊರಲ್ಲಿ ಕೂತು ಅಂಥದ್ದು ಹುಡುಕೋದು ಕಷ್ಟವೇ, ಆದರೂ ನೋಡು. ಸಾಕ್ಸ್ ಆದ್ರೂ ಸಾಕು. ಸೈಜು ನಿನಗೆ ಗೊತ್ತು, ಕೆಮ್ಮಣ್ಣುಗುಂಡಿಯಿಂದ ವಾಪಸ್ ಬಂದಾಗ ನನ್ನದೊಂದು ನಿನ್ನ ಕಾಲಲ್ಲೇ ಇತ್ತು.

ನಿನ್ನ,
ಕ್ಯಾರಿಯರ್ ಮೇಲಿನವನು